ರುಡಾಲ್ಫ್ ಡೀಸೆಲ್: ಎಂಜಿನ್ನಿಗೆ ತನ್ನ ಹೆಸರಿತ್ತವನ ಬದುಕು



ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ಚಳಿಗಾಲದಲ್ಲಿ ಒಂದು ಹಳೆಯ ಪಿಕಪ್ ಟ್ರಕ್ಕು ಕೊಳ್ಳಲು ಹೊರಟಿದ್ದನು. ಮುಂದೆ ಕುಳಿತುಕೊಳ್ಳಲು ಕಾರಿನಂತಹ ಕೋಣೆ, ಹಿಂದೆ ಹೊರೆ ಹೇರಲು ತೆರೆದ ತೊಟ್ಟಿ ಇರುವ ಈ ವಾಹನ ಆ ದೇಶದಲ್ಲಿ ಮನೆಮನೆಯಲ್ಲೂ ಕಾಣುವಂತಹುದು. ಊರ ಹೊರಗೆ ಒಂದಿಷ್ಟು ಜಮೀನು ಮಾಡಿಕೊಂಡಿರುವ ಅವನಿಗೆ ವಾರಾಂತ್ಯದಲ್ಲಿ ಗೊಬ್ಬರ, ಮರದ ದಿಮ್ಮಿ ಸಾಗಿಸಬೇಕಾಗುತ್ತದೆ. ಅವನ ಮುಂದೆ ಎರಡು ಗಾಡಿಗಳಿದ್ದವು. ಎರಡೂ 1990ರ ದಶಕದ ನಡುವಿನ ಡಾಜ್ ರಾಮ್. ಒಂದರಲ್ಲಿ ಕಮ್ಮಿನ್ಸ್ ಸಂಸ್ಥೆಯ ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಇನ್ನೊಂದರಲ್ಲಿ ಎಂಟು ಸಿಲಿಂಡರಿನ ಗ್ಯಾಸ್ ಎಂಜಿನ್. ಸೋಜಿಗವೆಂದರೆ ಎರಡೂ ಎಂಜಿನ್ನುಗಳ ಅಳತೆ ಒಂದೇ, 5.9 ಲೀಟರ್. ಡೀಸೆಲ್ ಗಾಡಿಗೆ ಮಾತ್ರ ಬೆಲೆ ಬಹಳ ಹೆಚ್ಚು. ಯಾವುದನ್ನು ಕೊಳ್ಳಲಿ ಮಾವ ಎಂದು ದೂರವಾಣಿಯಲ್ಲಿ ಕೇಳಿದನು. ಮುಂಬಯಿಯಲ್ಲಿ ನಾಲ್ಕು ದಶಕ ಯಂತ್ರಗಳ ನಡುವೆ ಕಳೆದ ನನಗೆ ಇದು ಗೊತ್ತಿರಲೇಬೇಕೆಂಬುದು ಅವನ ನಂಬಿಕೆ.

ಇಲ್ಲೊಂದು ಮಾತು. ಅಮೆರಿಕದವರು ಗ್ಯಾಸ್ ಎನ್ನುವುದು ನಮ್ಮ ಪೆಟ್ರೋಲನ್ನು. ಮುಂಬಯಿ, ದೆಹಲಿಯ ನಾವು ಗ್ಯಾಸ್ ಎಂದೊಡನೆ ಸಿ.ಎನ್.ಜಿ. ಪಂಪಿನ ಮುಂದಿನ ಉದ್ದನೆಯ ಸಾಲನ್ನು ನೆನೆಯುತ್ತೇವೆ. ಈ ಲೇಖನದಲ್ಲಿ ಪೆಟ್ರೋಲ್ ಎಂಬ ಪದವನ್ನೇ ಬಳಸಿದ್ದೇನೆ.

ಉತ್ತರ ಕೊಡುವ ಮೊದಲು ನನಗೆ ನೆನಪಾದುದು ಆ ಎಂಜಿನ್ನಿಗೆ ಹೆಸರು ಕೊಟ್ಟ ಮನುಷ್ಯ. ದಿನಕ್ಕೆ ಹತ್ತು ಬಾರಿ ನಾವು ಅವನ ಹೆಸರನ್ನು ಉಚ್ಚರಿಸುತ್ತೇವೆ, ಆದರೆ ಅದು ಒಬ್ಬ ವ್ಯಕ್ತಿಯ ಹೆಸರೆಂಬುದನ್ನು ಮರೆತಿದ್ದೇವೆ. ಎಣ್ಣೆಗೂ ಎಂಜಿನ್ನಿಗೂ ಅದೇ ಹೆಸರಾದುದರಿಂದ, ಗೊಂದಲವಾಗದಿರಲೆಂದು ಮುಂದೆ ಅವನನ್ನು ರುಡಾಲ್ಫ್ ಎಂದೇ ಕರೆಯುತ್ತೇನೆ.

ರುಡಾಲ್ಫ್ ಡೀಸೆಲ್ ಜನಿಸಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್ ನಗರದಲ್ಲಿ. ತಂದೆ ಥಿಯೊಡೋರ್ ಜರ್ಮನಿಯ ಬವೇರಿಯಾ ಪ್ರಾಂತದ ಆಗ್ಸ್‌ಬರ್ಗಿನವನು, ಕಸುಬಿನಿಂದ ಪುಸ್ತಕದ ರಟ್ಟು ಕಟ್ಟುವವನು. ತಾಯಿ ಎಲೀಸ್ ನ್ಯೂರೆಂಬರ್ಗಿನವಳು. ಹೊಟ್ಟೆಪಾಡಿಗಾಗಿ ಪರನಗರಕ್ಕೆ ಬಂದು ಚರ್ಮದ ಸಾಮಾನು ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದ ಕುಟುಂಬ ಅದು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ. ಆ ಬದುಕಿನ ಸ್ವರೂಪವನ್ನು ಈ ಪುಟದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಲಕ ರುಡಾಲ್ಫ್ ತಂದೆ ತಯಾರಿಸಿದ ಸಾಮಾನನ್ನು ತಳ್ಳುಗಾಡಿಯಲ್ಲಿಟ್ಟು ಗಿರಾಕಿಗಳ ಮನೆಗೆ ತಲುಪಿಸುತ್ತಿದ್ದನು. ಬಿಡುವು ಸಿಕ್ಕಾಗ ಓಡುತ್ತಿದ್ದುದು ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ. ಉಗಿಯಿಂದ ಓಡುವ, ಹದಿನೆಂಟನೆಯ ಶತಮಾನದ ಕ್ಯೂನ್ಯೋನ ಬಂಡಿ ಅಲ್ಲಿತ್ತು. ಭಾರ ಸಾಗಿಸಲೆಂದೇ ಮಾಡಿದ, ತನ್ನ ಬಲದಿಂದಲೇ ಚಲಿಸುವ ಆ ಬಂಡಿಯನ್ನು ಇಂದಿನ ಟ್ರಕ್ಕುಗಳ ಮುತ್ತಜ್ಜನೆಂದರೆ ತಪ್ಪಾಗದು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿಕೊಂಡಿತು. ಜರ್ಮನರೆಲ್ಲ ಪ್ಯಾರಿಸ್ ಬಿಡಬೇಕಾಯಿತು. ಡೀಸೆಲ್ ಕುಟುಂಬ ಕೈಗೆ ಸಿಕ್ಕಿದ್ದನ್ನು ಕಟ್ಟಿಕೊಂಡು ಲಂಡನ್ ಸೇರಿತು. ಅಲ್ಲಿ ಕಡುಬಡತನ. ಹನ್ನೆರಡು ವರ್ಷದ ಮಗನನ್ನು ತಾಯಿ ಆಗ್ಸ್‌ಬರ್ಗಿನ ಬಂಧುಗಳ ಮನೆಗೆ ಒಬ್ಬನನ್ನೇ ಕಳುಹಿಸಿಕೊಟ್ಟಳು. ಆ ಮನೆಯ ಯಜಮಾನ ಬಾರ್ನಿಕೆಲ್ ಅಲ್ಲಿನ ಔದ್ಯೋಗಿಕ ಶಾಲೆಯಲ್ಲಿ ಗಣಿತದ ಅಧ್ಯಾಪಕ. ಹುಡುಗನ ದಾರಿ ಅಲ್ಲಿ ತೆರೆಯಿತು. ಹದಿನಾಲ್ಕನೆಯ ವಯಸ್ಸಿನಲ್ಲೇ ತಾನು ಎಂಜಿನಿಯರ್ ಆಗುವೆನೆಂದು ತಂದೆತಾಯಿಗೆ ಪತ್ರ ಬರೆದನು. ತರಗತಿಗೆ ಮೊದಲಿಗನಾಗಿ ತೇರ್ಗಡೆಯಾದನು. 1875ರಲ್ಲಿ ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್ ನಗರದ ಪಾಲಿಟೆಕ್ನಿಕ್ ಸೇರಿದನು.

ಅಲ್ಲಿ ಅವನ ಗುರುವಾಗಿದ್ದವರು ಶೀತಲೀಕರಣ ಯಂತ್ರಗಳ ನಿರ್ಮಾತೃ ಕಾರ್ಲ್ ಫಾನ್ ಲಿಂಡೆ. ಉಷ್ಣಗತಿಶಾಸ್ತ್ರದ ಪಾಠ ಹೇಳುವಾಗ ಅವರು, ಅಂದಿನ ಉಗಿಯಂತ್ರಗಳು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನೂ ಕೆಲಸವಾಗಿ ಪರಿವರ್ತಿಸುವುದಿಲ್ಲವೆಂದು ವಿವರಿಸಿದರು. ಉಳಿದ ತೊಂಬತ್ತು ಪಾಲು ಹೊಗೆಕೊಳವೆಯ ಮೂಲಕ ಆಕಾಶಕ್ಕೆ. ಫ್ರಾನ್ಸಿನ ಸಾದಿ ಕಾರ್ನೋ ಅರ್ಧ ಶತಮಾನದ ಹಿಂದೆಯೇ ಆದರ್ಶ ಯಂತ್ರವೊಂದು ಎಷ್ಟು ಶಾಖವನ್ನು ಕೆಲಸವಾಗಿಸಬಲ್ಲುದೆಂಬುದಕ್ಕೆ ಸೂತ್ರ ಕೊಟ್ಟಿದ್ದನು. ಆದರ್ಶಕ್ಕೂ ವಾಸ್ತವಕ್ಕೂ ಇರುವ ಈ ಅಗಾಧ ಅಂತರ ರುಡಾಲ್ಫನ ಮನಸ್ಸಿಗೆ ನಾಟಿತು. ಸಣ್ಣ ಕಮ್ಮಾರ, ಬಡಗಿ, ನೇಕಾರ ಇಂತಹವರಿಗೂ ಎಟಕುವಂತಹ, ಇಂಧನವನ್ನು ಪೋಲುಮಾಡದ ಯಂತ್ರವೊಂದನ್ನು ಕಟ್ಟಬೇಕೆಂಬುದೇ ಅವನ ಜೀವಿತದ ಹಂಬಲವಾಯಿತು. ದೊಡ್ಡ ಉಗಿಯಂತ್ರವಿಟ್ಟ ಗಿರಣಿಗಳು ಸಣ್ಣ ಕುಶಲಕರ್ಮಿಗಳನ್ನು ನುಂಗಿಹಾಕುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದನು.

1879ರಲ್ಲಿ ವಿಷಮಶೀತಜ್ವರ ತಗುಲಿ ಪರೀಕ್ಷೆ ತಪ್ಪಿತು. ಮಧ್ಯಂತರದಲ್ಲಿ ಸ್ವಿಟ್ಜರ್ಲೆಂಡಿನ ಸುಲ್ಜರ್ ಕಾರ್ಖಾನೆಯಲ್ಲಿ ಕೈಗೆ ಎಣ್ಣೆ ಬಳಿದುಕೊಂಡು ದುಡಿದನು. ಮರುವರ್ಷ ಪರೀಕ್ಷೆಗೆ ಕುಳಿತು ಅತ್ಯುನ್ನತ ಶ್ರೇಣಿಯಲ್ಲಿ ಉತ್ತೀರ್ಣನಾದನು. ಅನಂತರ ಪ್ಯಾರಿಸಿನಲ್ಲಿ ಲಿಂಡೆ ಅವರ ಮಂಜುಗಡ್ಡೆ ಯಂತ್ರಗಳ ಉಸ್ತುವಾರಿ. 1883ರಲ್ಲಿ ಮಾರ್ಥಾಳೊಂದಿಗೆ ವಿವಾಹ, ಮೂವರು ಮಕ್ಕಳು. ಹಗಲು ಮಂಜುಗಡ್ಡೆಯ ಕೆಲಸ, ರಾತ್ರಿ ಎಂಜಿನ್ನಿನ ಕನಸು. ಉಗಿಯ ಬದಲು ಅಮೋನಿಯಾ ಆವಿಯಿಂದ ಎಂಜಿನ್ ನಡೆಸಲು ವರ್ಷಗಟ್ಟಲೆ ಹೆಣಗಿ ಸೋತನು. 1890ರಲ್ಲಿ ಸಂಸಾರ ಬರ್ಲಿನ್ನಿಗೆ ಬಂದಿತು.

ಇನ್ನು ಅವನ ಮುಖ್ಯ ಕಲ್ಪನೆ. ಸೈಕಲ್ಲಿಗೆ ಗಾಳಿ ತುಂಬಿದವರಿಗೆಲ್ಲ ಗೊತ್ತು, ಪಂಪಿನ ತುದಿ ಕೈಸುಡುವಷ್ಟು ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಕೊಳವೆಯೊಂದರಲ್ಲಿ ಗಾಳಿಯನ್ನು ತಟ್ಟನೆ ಒತ್ತಿ, ಬತ್ತಿಗೆ ಬೆಂಕಿ ಹತ್ತಿಸುವ ಉಪಕರಣ ಆಗ್ನೇಯ ಏಷ್ಯಾದ ಜನರಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದಿತು. ಯುರೋಪಿನ ಶಾಲೆಗಳಲ್ಲೂ ಅದನ್ನು ತೋರಿಸುತ್ತಿದ್ದರು. ರುಡಾಲ್ಫ್ ಈ ತತ್ತ್ವವನ್ನೇ ಎಂಜಿನ್ನಿಗೆ ಅನ್ವಯಿಸಿದನು. ಅಂದಿನ ಪೆಟ್ರೋಲ್ ಹಾಗೂ ಅನಿಲ ಎಂಜಿನ್ನುಗಳು ಗಾಳಿ, ಇಂಧನ ಎರಡನ್ನೂ ಮೊದಲೇ ಬೆರೆಸಿ, ಒತ್ತಿ, ಕಿಡಿಯಿಂದ ಹೊತ್ತಿಸುತ್ತಿದ್ದವು. ಇಂದಿನ ಪೆಟ್ರೋಲ್ ಎಂಜಿನ್ನಿನ ಮೂಲವಿಧಾನವೂ ಅದೇ. ಇಂಧನ ಬೆರೆತ ಗಾಳಿಯನ್ನು ಬಹಳ ಒತ್ತುವಂತಿಲ್ಲ, ಒತ್ತಿದರೆ ಕಿಡಿಗೆ ಮುಂಚೆಯೇ ತಾನಾಗಿ ಹೊತ್ತಿ ಎಂಜಿನ್ನನ್ನು ಬಡಿಯುತ್ತದೆ. ರುಡಾಲ್ಫ್ ಬರಿಯ ಗಾಳಿಯನ್ನು ಮಾತ್ರ ಒತ್ತಿದನು. ಅದು ಕೆಂಡದಂತೆ ಕಾದ ಕ್ಷಣದಲ್ಲಿ ಎಣ್ಣೆಯನ್ನು ಒಳಗೆ ಸಿಂಪಡಿಸಿದನು. ಕಿಡಿಯ ಅಗತ್ಯವೇ ಇಲ್ಲ.

ನನ್ನ ಅಳಿಯನ ಮುಂದಿದ್ದ ಎರಡು ಗಾಡಿಗಳ ಗುಣದೋಷಗಳೆಲ್ಲ ಈ ಒಂದೇ ಬೀಜದಿಂದ ಮೊಳೆತವು. ಆ ಪೆಟ್ರೋಲ್ ಎಂಜಿನ್ ಗಾಳಿಯನ್ನು ಒಂಬತ್ತನೆಯ ಒಂದು ಭಾಗದಷ್ಟಕ್ಕೆ ಒತ್ತಿದರೆ, ಡೀಸೆಲ್ ಎಂಜಿನ್ ಹದಿನೇಳನೆಯ ಒಂದು ಭಾಗದಷ್ಟಕ್ಕೆ ಒತ್ತುತ್ತದೆ. ಹೆಚ್ಚು ಒತ್ತಿದಷ್ಟೂ ಇಂಧನದಿಂದ ಹೆಚ್ಚು ಕೆಲಸ. ಆದುದರಿಂದಲೇ ಲೀಟರಿಗೆ ಹೆಚ್ಚು ದೂರ. ಆದರೆ ಅಷ್ಟು ಒತ್ತಡ ತಾಳಬೇಕಾದರೆ ಎರಕ ದಪ್ಪವಿರಬೇಕು, ಪಿಸ್ಟನ್ನು, ದಂಡಗಳು ಗಟ್ಟಿಯಾಗಿರಬೇಕು, ಎಣ್ಣೆ ಚಿಮ್ಮಿಸುವ ಪಂಪು ಕೂದಲೆಳೆಯಷ್ಟೂ ಸಡಿಲವಿರದಂತೆ ಕಡೆದಿರಬೇಕು. ಆದುದರಿಂದಲೇ ಭಾರ, ಬೆಲೆ, ದುರಸ್ತಿಯ ಖರ್ಚು ಎಲ್ಲವೂ ಹೆಚ್ಚು. ಲಾಭ ಒಂದು ಕಡೆಯಿಂದ, ನಷ್ಟ ಇನ್ನೊಂದು ಕಡೆಯಿಂದ ಬಂದುದಲ್ಲ. ಎರಡೂ ಒಂದೇ ಒತ್ತಡದ ಮಕ್ಕಳು.

1892ರ ಫೆಬ್ರವರಿಯಲ್ಲಿ ರುಡಾಲ್ಫ್ ಪೇಟೆಂಟಿಗೆ ಅರ್ಜಿ ಹಾಕಿದನು. ಮರುವರ್ಷ ಅದು ದೊರೆಯಿತು. ತನ್ನ ಸಿದ್ಧಾಂತವನ್ನು ಪುಸ್ತಕವಾಗಿಯೂ ಪ್ರಕಟಿಸಿದನು. ಕಾಗದದ ಮೇಲೆ ಅವನು ಬಯಸಿದ್ದ ಒತ್ತಡ ವಾತಾವರಣದ 250 ಪಟ್ಟು. ಅಂತಹುದನ್ನು ತಾಳುವ ಲೋಹವೇ ಅಂದು ಇರಲಿಲ್ಲ. ಬೇಗನೆ ಎಚ್ಚೆತ್ತುಕೊಂಡು ಲೆಕ್ಕವನ್ನು ಕೆಳಗಿಳಿಸಿದನು, ದಹನದ ಕ್ರಮವನ್ನೂ ಬದಲಿಸಿದನು. ಹೀಗಾಗಿ ಪೇಟೆಂಟಿನಲ್ಲಿ ಬರೆದ ಎಂಜಿನ್ನು ಬೇರೆ, ನಿಜವಾಗಿ ಓಡಿದ ಎಂಜಿನ್ನು ಬೇರೆ ಎಂದು ಮುಂದೆ ವಿರೋಧಿಗಳು ಜೀವನಪರ್ಯಂತ ಅವನನ್ನು ಕಾಡಿದರು. ಆ ಆಕ್ಷೇಪದಲ್ಲಿ ಸ್ವಲ್ಪ ಹುರುಳಿಲ್ಲದೆಯೂ ಇಲ್ಲ.

ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್‌ರಿಕ್ ಬೂಟ್ಸ್ ಮತ್ತು ಉಕ್ಕಿನ ದೊರೆ ಕ್ರುಪ್ ಸಂಸ್ಥೆ ಅವನ ಬೆನ್ನಿಗೆ ನಿಂತವು. ಮೂರು ಮೀಟರ್ ಎತ್ತರದ ಮೊದಲ ಎಂಜಿನ್ ಸಿದ್ಧವಾಯಿತು. 1893ರ ಆಗಸ್ಟ್ 10ರಂದು ಒಳಗೆ ಇಂಧನ ಹೊತ್ತಿಕೊಂಡಿತು, ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಕಿಡಿಯಿಲ್ಲದೆ ಇಂಧನ ಹೊತ್ತುವುದೆಂಬುದು ಆ ಸಿಡಿತದಿಂದಲೇ ಸಿದ್ಧವಾಯಿತು. ಆ ದಿನ ಬಳಸಿದ ಇಂಧನ ಯಾವುದೆಂದು ಓದುಗರು ಊಹಿಸಬಲ್ಲರೆ? ಪೆಟ್ರೋಲ್! 1894ರ ಫೆಬ್ರವರಿಯಲ್ಲಿ ಎಂಜಿನ್ ತನ್ನ ಬಲದಿಂದಲೇ ಒಂದು ನಿಮಿಷ ಕಾಲ ತಿರುಗಿತು, ನಿಮಿಷಕ್ಕೆ 88 ಸುತ್ತು. ಅನಂತರ ಮೂರು ವರ್ಷ ಬರಿಯ ತಿದ್ದುಪಡಿ. ಎಣ್ಣೆಯನ್ನು ಸಣ್ಣ ಹನಿಯಾಗಿಸಿ ಒಳಗೆ ಕಳುಹಿಸುವುದು ಹೇಗೆಂಬುದೇ ದೊಡ್ಡ ತೊಡಕಾಯಿತು. ಕೊನೆಗೆ ಬೇರೊಂದು ಕಂಪ್ರೆಸರಿನಿಂದ ಬಂದ ಬಲವಾದ ಗಾಳಿಯ ಮೂಲಕ ಎಣ್ಣೆಯನ್ನು ಊದುವ ವ್ಯವಸ್ಥೆ ಮಾಡಿದನು.

1897ರ ಫೆಬ್ರವರಿ 17ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೋರಿಟ್ಸ್ ಶ್ರೋಟರ್ ಅವರು ಹೊಸ ಎಂಜಿನ್ನನ್ನು ಅಧಿಕೃತವಾಗಿ ಪರೀಕ್ಷಿಸಿದರು. ಇಂಧನದ ಶಾಖದಲ್ಲಿ ಶೇಕಡ 26.2 ಭಾಗ ಕೆಲಸವಾಗಿ ಹೊರಬರುತ್ತಿದ್ದಿತು. ಉಗಿಯಂತ್ರದ ಎರಡೂವರೆ ಪಟ್ಟಿಗಿಂತ ಹೆಚ್ಚು! ಹಣ ಹರಿದುಬಂದಿತು. ಅಮೆರಿಕದ ಸೇಂಟ್ ಲೂಯಿ ನಗರದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ ತನ್ನ ದೇಶದ ಹಕ್ಕುಗಳಿಗಾಗಿ ಹತ್ತು ಲಕ್ಷ ಮಾರ್ಕ್ ತೆತ್ತನು. 1898ರಲ್ಲಿ ಸ್ಥಾಪಿತವಾದ ಕಂಪನಿಯೊಂದು ಉಳಿದ ಹಕ್ಕುಗಳನ್ನು 35 ಲಕ್ಷ ಮಾರ್ಕುಗಳಿಗೆ ಕೊಂಡಿತು. ರಟ್ಟು ಕಟ್ಟುವವನ ಮಗ ನಲವತ್ತರ ಹರೆಯದಲ್ಲಿ ಲಕ್ಷಾಧೀಶನಾದನು.

ಇಲ್ಲಿಂದ ಅವನ ಬದುಕಿನ ಎರಡನೆಯ ಮುಖ. ಇಂಧನದ ಒಂದೊಂದು ತೊಟ್ಟಿನ ಲೆಕ್ಕ ಇಟ್ಟವನು ಹಣದ ಲೆಕ್ಕದಲ್ಲಿ ಕುರುಡನಾದನು. ಮ್ಯೂನಿಕ್ಕಿನಲ್ಲಿ ಅರಮನೆಯಂತಹ ಮನೆ ಕಟ್ಟಿಸಿದನು. ಜಮೀನಿನ ವ್ಯವಹಾರಕ್ಕೆ, ಗಲಿಷಿಯಾದ ಎಣ್ಣೆಬಾವಿಗಳಿಗೆ ಹಣ ಸುರಿದನು, ಕಳೆದುಕೊಂಡನು. ಆರಂಭದಲ್ಲಿ ಮಾರಾಟವಾದ ಎಂಜಿನ್ನುಗಳು ಗಿರಾಕಿಗಳ ಬಳಿ ಪದೇಪದೇ ಕೆಟ್ಟು ನಿಂತವು. ಆಗ್ಸ್‌ಬರ್ಗಿನಲ್ಲಿ ಅವನ ಹೆಸರಿನ ಕಾರ್ಖಾನೆಯೂ ನೆಲೆನಿಲ್ಲಲಿಲ್ಲ. ಪೇಟೆಂಟಿನ ವ್ಯಾಜ್ಯ ಬೇರೆ. ತಲೆನೋವು, ನಿದ್ರಾಹೀನತೆಗಳಿಂದ ಬಳಲಿ 1898ರಲ್ಲಿ ಆರೋಗ್ಯಧಾಮ ಸೇರಬೇಕಾಯಿತು. 1903ರಲ್ಲಿ ಕಾರ್ಮಿಕರೇ ಒಡೆಯರಾಗುವ ಸಹಕಾರಿ ಸಮಾಜದ ಬಗ್ಗೆ ಒಂದು ಪುಸ್ತಕ ಬರೆದನು. ಕೊಂಡವರು ಅತಿ ಕಡಿಮೆ. ಎಂಜಿನ್ನಿಗಿಂತ ಆ ಪುಸ್ತಕವೇ ದೊಡ್ಡ ಸಾಧನೆಯೆಂಬ ಭಾವನೆ ಅವನಿಗಿದ್ದಿತೆಂದು ತಿಳಿದಾಗ ಮನಸ್ಸು ಮರುಗುತ್ತದೆ.

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಎಂಜಿನ್ನಿಗೆ ಪರಮೋಚ್ಚ ಬಹುಮಾನ ಬಂದಿತು. ಅಲ್ಲಿ ಒಂದು ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ರುಡಾಲ್ಫ್ ತನ್ನ ಎಂಜಿನ್ನನ್ನು ಕಡಲೆಕಾಯಿ ಎಣ್ಣೆಗೆಂದೇ ನಿರ್ಮಿಸಿದನೆಂದು ಹಲವರು ಬರೆಯುವುದುಂಟು, ಅದು ಸರಿಯಲ್ಲ. ಆ ಎಂಜಿನ್ನನ್ನು ಅಲ್ಲಿ ಓಡಿಸಿ ತೋರಿಸಿದ್ದು ಆಟೋ ಕಂಪನಿ, ಆಸಕ್ತಿ ಫ್ರೆಂಚ್ ಸರ್ಕಾರದ್ದು. ಆದರೆ ಕೊನೆಯ ವರ್ಷಗಳಲ್ಲಿ ಸಸ್ಯದ ಎಣ್ಣೆಗಳಿಗೆ ಮುಂದೊಂದು ದಿನ ಮಹತ್ವ ಬರುವುದೆಂಬ ಅಭಿಪ್ರಾಯವನ್ನು ರುಡಾಲ್ಫ್ ವ್ಯಕ್ತಪಡಿಸಿದ್ದು ನಿಜ. ಶತಮಾನ ಕಳೆದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದ ಹಳ್ಳಿಗಳಲ್ಲಿ ಡೀಸೆಲ್ ಎಂಜಿನ್ ನಡೆಸಿ ತೋರಿಸಿದರು. ನಮ್ಮ ಅಜ್ಜಿಯರು ದೀಪಕ್ಕೆ ಹಾಕುತ್ತಿದ್ದ ಎಣ್ಣೆಯದು.

ಕಾರ್ಖಾನೆಗಳಲ್ಲಿ, ಹಡಗುಗಳಲ್ಲಿ ಎಂಜಿನ್ ಗೆದ್ದಿತು. 1903ರಲ್ಲಿ ರಷ್ಯಾದ ವೋಲ್ಗಾ ನದಿಯಲ್ಲಿ ನೊಬೆಲ್ ಸೋದರರ ಎಣ್ಣೆಹಡಗು ವಂಡಾಲ್ ಡೀಸೆಲ್ಲಿನಿಂದ ಸಾಗಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಕೋಪನ್‌ಹೇಗನ್ನಿನಿಂದ ಬ್ಯಾಂಕಾಕಿನವರೆಗೆ ಸಾಗರಯಾನ ಮಾಡಿತು. ರಸ್ತೆಯಲ್ಲಿ ಮಾತ್ರ ಸೋಲು. 1908ರ ಸುಮಾರಿಗೆ ರುಡಾಲ್ಫ್ ಸ್ವಿಟ್ಜರ್ಲೆಂಡಿನ ಸಾಫಿರ್ ಕಂಪನಿಯೊಂದಿಗೆ ಸೇರಿ ಟ್ರಕ್ಕಿಗೆ ಹೊಂದುವ ಸಣ್ಣ ಎಂಜಿನ್ ಮಾಡಿಸಿ ನೋಡಿದನು. ಎಣ್ಣೆ ಊದುವ ಆ ಕಂಪ್ರೆಸರೇ ದೊಡ್ಡ ಹೊರೆಯಾಯಿತು. ಹೊರೆ ಎಳೆಯಬೇಕಾದ ಎಂಜಿನ್ ತನ್ನ ಹೊರೆಯನ್ನೇ ಎಳೆಯುವಂತಾದರೆ ಯಾರು ಕೊಂಡಾರು? ಅದೇ ವರ್ಷ ಅಮೆರಿಕದಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಹೊರಬಂದಿತು. ಹಗುರ, ಅಗ್ಗ, ಹಳ್ಳಿಯ ಕಮ್ಮಾರನೂ ದುರಸ್ತಿ ಮಾಡಬಲ್ಲ ಪೆಟ್ರೋಲ್ ಎಂಜಿನ್ನಿನ ಗಾಡಿ. ಅದರ ಹಿಂಭಾಗವನ್ನು ಕತ್ತರಿಸಿ ತೊಟ್ಟಿ ಕೂಡಿಸಿಕೊಂಡ ರೈತರೇ ಪಿಕಪ್ಪಿನ ಮೊದಲ ನಿರ್ಮಾತೃಗಳು.

1907ರಲ್ಲಿ ಮ್ಯೂನಿಕ್ಕಿನ ವಿದ್ಯಾಲಯ ರುಡಾಲ್ಫನಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಹೊತ್ತಿಗೆ ಮೂಲ ಪೇಟೆಂಟಿನ ಅವಧಿ ಮುಗಿದು ಯಾರು ಬೇಕಾದರೂ ಅವನ ಎಂಜಿನ್ ತಯಾರಿಸಬಹುದಾಗಿತ್ತು. ಲೋಕಕ್ಕೆ ಲಾಭ, ಅವನಿಗೆ ನಷ್ಟ. 1912ರಲ್ಲಿ ಅಮೆರಿಕ ಪ್ರವಾಸ ಮಾಡಿ ಎಲ್ಲೆಡೆ ಸನ್ಮಾನಿತನಾದನು, ಎಡಿಸನ್ನನನ್ನು ಕಂಡನು. ಊರಿಗೆ ಬಂದರೆ ಸಾಲಗಾರರು.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಬಂದರಿನಲ್ಲಿ ಡ್ರೆಸ್ಡೆನ್ ಎಂಬ ಉಗಿಹಡಗನ್ನು ಹತ್ತಿದನು. ಇಂಗ್ಲೆಂಡಿನ ಇಪ್ಸ್‌ವಿಚ್ಚಿನ ಹೊಸ ಎಂಜಿನ್ ಕಾರ್ಖಾನೆಯ ಕೆಲಸಕ್ಕಾಗಿ ಹೊರಟಿದ್ದ ಪ್ರಯಾಣ ಅದು. ಜೊತೆಗೆ ಇಬ್ಬರು ಮಿತ್ರರಿದ್ದರು. ಊಟವಾಯಿತು, ಹರಟೆಯಾಯಿತು. ಬೆಳಿಗ್ಗೆ 6.15ಕ್ಕೆ ಎಬ್ಬಿಸುವಂತೆ ಸೇವಕನಿಗೆ ತಿಳಿಸಿ ಹತ್ತು ಗಂಟೆಯ ಸುಮಾರಿಗೆ ಕೋಣೆಗೆ ಹೋದನು. ಬೆಳಿಗ್ಗೆ ಕೋಣೆ ಬರಿದಾಗಿತ್ತು. ಹಾಸಿಗೆಯ ಮೇಲೆ ಯಾರೂ ಮಲಗಿದ ಗುರುತಿಲ್ಲ. ಗಡಿಯಾರ ಕಾಣುವಂತೆ ಇಡಲಾಗಿತ್ತು. ಹಡಗಿನ ಹಿಂಭಾಗದ ಕಂಬಿಯ ಬಳಿ ಅವನ ಟೋಪಿ, ಮಡಿಚಿಟ್ಟ ಮೇಲಂಗಿ. ದಿನಚರಿಯಲ್ಲಿ ಆ ತಾರೀಖಿಗೆ ಒಂದು ಶಿಲುಬೆಯ ಗುರುತು. ಹತ್ತು ದಿನಗಳ ಅನಂತರ ಡಚ್ ದೋಣಿಯೊಂದರ ನಾವಿಕರಿಗೆ ಸಮುದ್ರದಲ್ಲಿ ಶವವೊಂದು ಕಂಡಿತು. ಜೇಬಿನ ವಸ್ತುಗಳನ್ನು ತೆಗೆದುಕೊಂಡು ಶವವನ್ನು ನೀರಿಗೇ ಬಿಟ್ಟರು. ಕನ್ನಡಕದ ಡಬ್ಬಿ, ಮಾತ್ರೆಯ ಡಬ್ಬಿ, ಚಾಕು ಇವು ತಂದೆಯವೇ ಎಂದು ಮಗ ಯೂಜೀನ್ ಗುರುತಿಸಿದನು.

ಪ್ರಯಾಣಕ್ಕೆ ಮೊದಲು ರುಡಾಲ್ಫ್ ಮಾರ್ಥಾಳ ಕೈಗೆ ಒಂದು ಚೀಲ ಕೊಟ್ಟು, ಒಂದು ವಾರ ಕಳೆಯುವವರೆಗೆ ತೆರೆಯಬಾರದೆಂದು ಹೇಳಿದ್ದನು. ಒಳಗೆ ಇದ್ದುದು ನಗದು ಹಣ ಮತ್ತು ಬ್ಯಾಂಕಿನ ಖಾತೆಗಳೆಲ್ಲ ಬರಿದಾಗಿವೆಯೆಂದು ತೋರಿಸುವ ಲೆಕ್ಕಪತ್ರ. ಎಣ್ಣೆ ಕಂಪನಿಗಳವರು ಕೊಂದರು, ಜಲಾಂತರ್ಗಾಮಿಯ ಗುಟ್ಟು ಹೊರಹೋಗದಂತೆ ಗೂಢಚಾರರು ಕೊಂದರು ಎಂಬ ಕಥೆಗಳು ಇಂದಿಗೂ ನಿಂತಿಲ್ಲ. ಆ ಚೀಲವನ್ನು ನೆನೆದಾಗ ನನಗೆ ಅಂತಹ ಕಥೆಗಳ ಅಗತ್ಯ ಕಾಣುವುದಿಲ್ಲ.

ರಸ್ತೆಯ ಸೋಲು ಗೆಲುವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಕಂಪ್ರೆಸರಿಲ್ಲದೆ ಪಂಪಿನಿಂದಲೇ ಎಣ್ಣೆ ಚಿಮ್ಮಿಸುವುದನ್ನು ಇತರರು ಸಾಧಿಸಿದರು. 1920ರ ದಶಕದ ಮೊದಲ ಭಾಗದಲ್ಲಿ ಬೆಂಜ್, ಎಂ.ಎ.ಎನ್. ಸಂಸ್ಥೆಗಳ ಡೀಸೆಲ್ ಟ್ರಕ್ಕುಗಳು ಬಂದವು. 1927ರಲ್ಲಿ ರಾಬರ್ಟ್ ಬಾಷ್ ಕಂಪನಿಯ ಪಂಪು ಮಾರುಕಟ್ಟೆಗೆ ಬಂದಿತು. ಅಮೆರಿಕದ ಇಂಡಿಯಾನಾದಲ್ಲಿ ಕ್ಲೆಸ್ಸಿ ಕಮ್ಮಿನ್ಸ್ ಎಂಬ ಮೆಕ್ಯಾನಿಕ್ 1929ರಲ್ಲಿ ಹಳೆಯ ಪ್ಯಾಕಾರ್ಡ್ ಕಾರಿಗೆ ತನ್ನ ಡೀಸೆಲ್ ಎಂಜಿನ್ ಕೂಡಿಸಿ, ಸುಮಾರು 800 ಮೈಲಿ ದೂರದ ನ್ಯೂಯಾರ್ಕಿಗೆ ಓಡಿಸಿದನು. ಎಣ್ಣೆಯ ಖರ್ಚು 1 ಡಾಲರ್ 38 ಸೆಂಟ್. ಭಾರತದಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಮೂಲದ ಕಿರ್ಲೋಸ್ಕರ್ ಮನೆತನದವರು 1946ರಲ್ಲಿ ಪುಣೆಯಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆ ತೆರೆದರು. ನಮ್ಮ ಊರುಗಳ ಹೊಲದ ಬಾವಿಯಲ್ಲಿ ನೀರೆತ್ತಿದ, ಅಕ್ಕಿಗಿರಣಿಯಲ್ಲಿ ಟಕಟಕ ಸದ್ದು ಮಾಡಿದ ಎಂಜಿನ್ನುಗಳು ರುಡಾಲ್ಫನ ಮೂಲ ಹಂಬಲಕ್ಕೆ, ಸಣ್ಣ ದುಡಿಮೆಗಾರನ ಯಂತ್ರವೆಂಬ ಹಂಬಲಕ್ಕೆ, ಬಹಳ ಸಮೀಪದವು.

ಅಮೆರಿಕದ ಪಿಕಪ್ಪಿಗೆ ಡೀಸೆಲ್ ಬಂದ ಬಗೆ ಅಷ್ಟು ಸುಗಮವಲ್ಲ. 1978ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಪೆಟ್ರೋಲ್ ಎಂಜಿನ್ನಿನ ಅಳತೆ, ಬೋಲ್ಟುಗಳ ಜೋಡಣೆಯನ್ನೇ ಇಟ್ಟುಕೊಂಡು 5.7 ಲೀಟರಿನ ಡೀಸೆಲ್ ಎಂಜಿನ್ ತಂದಿತು. ಒತ್ತಡ ತಾಳದೆ ತಲೆಯ ಬೋಲ್ಟುಗಳು ಸೋತವು. 1985ರಲ್ಲಿ ಅದು ನಿಂತುಹೋಯಿತಾದರೂ ಕೆಟ್ಟ ಹೆಸರು ಎಲ್ಲ ಡೀಸೆಲ್ಲಿಗೂ ಅಂಟಿಕೊಂಡಿತು. ಒತ್ತಡಕ್ಕೆ ತಕ್ಕ ಬೆಲೆ ತೆರದೆ ಅದರ ಲಾಭವನ್ನು ಮಾತ್ರ ಪಡೆಯಲು ಹೊರಟದ್ದರ ಫಲ ಅದು. 1989ರ ಡಾಜ್ ಪಿಕಪ್ಪಿನಲ್ಲಿ ಕಮ್ಮಿನ್ಸ್ ಎಂಜಿನ್ ಬಂದಾಗ ಚಿತ್ರ ಬದಲಾಯಿತು. ಅದು ಮೊದಲಿನಿಂದಲೂ ದುಡಿಮೆಯ ಯಂತ್ರಗಳಿಗೆಂದೇ ಮಾಡಿದ್ದು, ತೂಕವೇ ಸುಮಾರು 500 ಕಿಲೋ. 1998ರ ಮಧ್ಯದವರೆಗಿನ ಮಾದರಿಗಳಲ್ಲಿ ಎಣ್ಣೆಯ ಪಂಪು ಪೂರ್ತಿ ಯಾಂತ್ರಿಕ, ಕಂಪ್ಯೂಟರಿನ ಹಂಗಿಲ್ಲ. ಅನಂತರದ ಕೆಲವು ವರ್ಷಗಳ ಎಲೆಕ್ಟ್ರಾನಿಕ್ ಪಂಪುಗಳು ಎಣ್ಣೆಯ ಪೂರೈಕೆ ಕಡಿಮೆಯಾದರೆ ಹಾಳಾಗುವ ದೋಷಕ್ಕೆ ಹೆಸರಾದವು.

ಅಳಿಯನಿಗೆ ನಾನು ಒಂದು ಲೆಕ್ಕ ಹಾಕಿಕೊಟ್ಟೆ. ಪೆಟ್ರೋಲ್ ಗಾಡಿ ಲೀಟರಿಗೆ 5 ಕಿಲೋಮೀಟರ್, ಡೀಸೆಲ್ ಗಾಡಿ 7 ಕಿಲೋಮೀಟರ್ ಓಡುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 40,000 ಕಿಲೋಮೀಟರ್ ಓಡಿಸುವವನಿಗೆ ಸುಮಾರು 2,286 ಲೀಟರ್ ಉಳಿತಾಯ. ಹೆಚ್ಚಿನ ಬೆಲೆ ಬೇಗನೆ ತೀರುತ್ತದೆ. ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುವವನಿಗೆ ಉಳಿತಾಯ 457 ಲೀಟರ್ ಮಾತ್ರ. ಅಮೆರಿಕದಲ್ಲಿ ಡೀಸೆಲ್ಲಿಗೆ ಪೆಟ್ರೋಲಿಗಿಂತ ಹೆಚ್ಚು ಬೆಲೆಯಿರುವ ದಿನಗಳೇ ಹೆಚ್ಚು, ಆದುದರಿಂದ ಅದೂ ಪೂರ್ತಿ ಕೈಗೆ ಸಿಗದು. ಒಂದು ಪಂಪು ಅಥವಾ ಇಂಜೆಕ್ಟರುಗಳ ದುರಸ್ತಿ ಬಂದರೆ ಹಲವು ವರ್ಷಗಳ ಉಳಿತಾಯ ಒಂದೇ ದಿನದಲ್ಲಿ ಕರಗುತ್ತದೆ. ಭಾರಿ ಎಂಜಿನ್ನಿನಿಂದ ಮುಂದಿನ ಚಕ್ರಗಳ ಕೀಲುಗಳೂ ಬೇಗ ಸವೆಯುತ್ತವೆ. ಓಹಾಯೋದ ಹಿಮದಲ್ಲಿ ಮುಂಜಾನೆ ಡೀಸೆಲ್ ಎಂಜಿನ್ ಮುನಿಸಿಕೊಳ್ಳುವುದುಂಟು, ಗಾಳಿಯನ್ನು ಎಷ್ಟು ಒತ್ತಿದರೂ ತಣ್ಣನೆಯ ಕಬ್ಬಿಣ ಶಾಖವನ್ನು ಹೀರಿಬಿಡುತ್ತದೆ.

ಹಾಗೆಂದು ಡೀಸೆಲ್ ಬೇಡವೇ ಬೇಡ ಎನ್ನಲಾರೆ. ಮೂರು ಟನ್ನಿನ ಟ್ರೈಲರನ್ನು ದಿನವೂ ಗುಡ್ಡ ಹತ್ತಿಸುವವನಿಗೆ ಪೆಟ್ರೋಲ್ ಎಂಜಿನ್ ಕೊಳ್ಳೆಂದು ಹೇಳುವುದು ಅನ್ಯಾಯ. ಈ ಡೀಸೆಲ್ ಎಂಜಿನ್ನಿನ ಪೂರ್ಣ ಎಳೆತ ನಿಮಿಷಕ್ಕೆ 1,600 ಸುತ್ತಿನ ಆಸುಪಾಸಿನಲ್ಲೇ ಸಿಗುತ್ತದೆ. ಅದೇ ಅಳತೆಯ ಪೆಟ್ರೋಲ್ ಎಂಜಿನ್ ಅದರ ಎರಡು ಪಟ್ಟು ವೇಗದಲ್ಲಿ ಕೂಗಬೇಕು, ಆಗಲೂ ಅಷ್ಟು ಎಳೆಯಲಾರದು. ಅಂತಹವರು ಕೊಳ್ಳುವ ಮುನ್ನ ರಾತ್ರಿಯೆಲ್ಲ ತಣಿದ ಎಂಜಿನ್ನನ್ನು ತಮ್ಮ ಮುಂದೆಯೇ ಹೊರಡಿಸಿ ನೋಡಬೇಕು. ಮಾರುವವರು ಮೊದಲೇ ಬಿಸಿಮಾಡಿ ಇಟ್ಟಿದ್ದರೆ ಅನುಮಾನಿಸಬೇಕು. ಓಡುತ್ತಿರುವಾಗ ಎಣ್ಣೆ ತುಂಬುವ ಮುಚ್ಚಳ ತೆಗೆದು ನೋಡಿದರೆ ರಭಸದಿಂದ ಹೊಗೆ ಊದುತ್ತಿದ್ದಲ್ಲಿ ಪಿಸ್ಟನ್ನಿನ ಉಂಗುರಗಳು ಸವೆದಿವೆಯೆಂದೇ ಅರ್ಥ. ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದಿದ್ದರೆ ಆ ಗಾಡಿಯ ಸಹವಾಸವೇ ಬೇಡ. ಹೊಗೆಯ ವಿಷಯ ಬಂದುದರಿಂದ ಇನ್ನೊಂದು ಮಾತು: ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಘೋಷಿಸಿತು. ನಮ್ಮ ದೆಹಲಿಯ ಬಂಧುಗಳಿಗೆ 2015ರ ಹಸಿರು ನ್ಯಾಯಮಂಡಳಿಯ ಆದೇಶ ನೆನಪಿರಬಹುದು. 10 ವರ್ಷ ದಾಟಿದ ಡೀಸೆಲ್ ವಾಹನಗಳಿಗೆ, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳಿಗೆ ರಾಜಧಾನಿ ಪ್ರದೇಶದಲ್ಲಿ ಅದು ನಿರ್ಬಂಧ ಹಾಕಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಜಾರಿಗೊಳಿಸಲು ಸೂಚಿಸಿತು, ಅನಂತರವೂ ಆ ವಿಷಯ ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಬಂದಿದೆ. ಹಳೆಯ ಗಾಡಿಯ ಲೆಕ್ಕ ಊರಿನಿಂದ ಊರಿಗೆ ಬೇರೆ.

ಅಳಿಯನ ಓಡಾಟ ವರ್ಷಕ್ಕೆ 8,000 ಕಿಲೋಮೀಟರ್ ಮೀರದು. ಕೆಲವು ದಿನ ಯೋಚಿಸಿ ಪೆಟ್ರೋಲ್ ಗಾಡಿಯನ್ನೇ ಕೊಂಡನು. ಡೀಸೆಲ್ ಗಾಡಿಯನ್ನು ಅದೇ ವಾರ ಕುದುರೆಗಳನ್ನು ಸಾಗಿಸುವ ಒಬ್ಬ ರೈತ ಕೊಂಡೊಯ್ದನಂತೆ. ಉಳಿದ ಹಣದಲ್ಲಿ ಈ ಬೇಸಿಗೆಗೆ ಜರ್ಮನಿಗೆ ಹೋಗುವ ಯೋಚನೆ ಅವನಿಗಿದೆ. 1897ರಲ್ಲಿ ಶ್ರೋಟರ್ ಪರೀಕ್ಷಿಸಿದ ಎಂಜಿನ್ ಮ್ಯೂನಿಕ್ಕಿನ ಡಾಯ್ಚಸ್ ಮ್ಯೂಸಿಯಂ ಎಂಬ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ನಿಂತು ಚಿತ್ರ ತೆಗೆದು ಕಳುಹಿಸುವೆನೆಂದು ಹೇಳಿದ್ದಾನೆ.